ಸೈಟ್ ಆಫೀಸಿನ ಗೋಡೆಯಲ್ಲಿ ಭತ್ತ ಮೊಳೆಯಿತು

ಮೈಸೂರಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ವರುಣ ಕೆರೆ ದಾಟಿ ಸ್ವಲ್ಪ ಮುಂದೆ ಹೋದರೆ ಒಂದು ಹೊಸ ಲೇಔಟ್ ಇದೆ. ಅಲ್ಲಿ ಸೈಟ್ ಮಾರುವ ಆಫೀಸಿನ ಒಳಾಂಗಣ ಮಾಡಿಕೊಡುವ ಕೆಲಸ ನನ್ನದು. ಯುಗಾದಿ ಮುಗಿದ ವಾರ ನಾನು ಮೊದಲ ಸಲ ಅಲ್ಲಿಗೆ ಹೋದೆ. ರಸ್ತೆಗೆ ಜಲ್ಲಿ ಬಿದ್ದಿತ್ತು, ಚರಂಡಿ ತೋಡಿ ಮಣ್ಣನ್ನು ಪಕ್ಕಕ್ಕೆ ಗುಡ್ಡೆ ಹಾಕಿದ್ದರು, ಮೂಲೆಯ ಎರಡು ಸೈಟು ಸೇರಿಸಿ ಒಂದು ಶೆಡ್ ಎಬ್ಬಿಸಿದ್ದರು. 30 ಅಡಿ ಉದ್ದ, 20 ಅಡಿ ಅಗಲ. ಆರು ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ, ಮೇಲೆ ಕಬ್ಬಿಣದ ಟ್ರಸ್, ಅದರ ಮೇಲೆ ಶೀಟು. ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಕೆಳಗೆ ಮಲಗಿದ್ದ ಒಂದು ನಾಯಿ, ಅಷ್ಟೇ.

ಲೇಔಟಿನ ಮಾಲೀಕರು ಫೋನಿನಲ್ಲಿ ಹೇಳಿದ್ದು ಹೀಗೆ: "ಮೇಡಂ, ಸೈಟ್ ನೋಡೋಕೆ ಬಂದೋರಿಗೆ ಒಳಗೆ ಕಾಲಿಟ್ಟ ತಕ್ಷಣ ಮನಸ್ಸು ತಣ್ಣಗಾಗಬೇಕು. ಧ್ಯಾನ ಮಂದಿರದ ಥರ. ಆಮೇಲೆ ಪರಿಸರಸ್ನೇಹಿ ಅನ್ನಿಸಬೇಕು." ನನಗಿಂತ ಮುಂಚೆ ಬೇರೆ ಯಾರೋ ಕೊಟ್ಟಿದ್ದ ಡಿಸೈನನ್ನೂ ಕಳಿಸಿದರು. ಅದರಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್, ಚಿನ್ನದ ಬಣ್ಣದ ಕನ್ನಡಿ, ಮೋಟರ್ ಹಾಕಿ ನೀರು ಸುರಿಸುವ ಬುದ್ಧ, ಒಂದಿಡೀ ಗೋಡೆಗೆ ಪ್ಲಾಸ್ಟಿಕ್ ಹುಲ್ಲು. ಪರಿಸರ ಅಂದರೆ ಆ ಹುಲ್ಲೇ ಇರಬೇಕು ಅಂದುಕೊಂಡೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ಈ ಆಫೀಸು ಎಷ್ಟು ದಿನ ಇರುತ್ತೆ?"

"ಸೈಟೆಲ್ಲ ಖಾಲಿ ಆಗೋವರೆಗೆ. ಒಂದು ಎರಡು ವರ್ಷ ಅಂದ್ಕೊಳ್ಳಿ. ಆಮೇಲೆ ಒಡೆದು ಈ ಎರಡು ಸೈಟೂ ಮಾರೋದೇ."

ಎರಡು ವರ್ಷಕ್ಕೆ ಒಡೆಯುವ ಕಟ್ಟಡಕ್ಕೆ ಪಿಒಪಿ ಬಳಿದು, ವಿಟ್ರಿಫೈಡ್ ಟೈಲ್ಸನ್ನು ಸಿಮೆಂಟಲ್ಲಿ ಕೂರಿಸಿ, ಪ್ಲೈವುಡ್ಡಿಗೆ ಲ್ಯಾಮಿನೇಟ್ ಅಂಟಿಸಿದರೆ ಕೊನೆಗೆ ಅದೆಲ್ಲ ಟ್ರ್ಯಾಕ್ಟರ್ ಹತ್ತಿ ಯಾವುದಾದರೂ ಕೆರೆ ದಂಡೆಗೆ ಹೋಗಿ ಬೀಳುತ್ತದೆ. ರಿಂಗ್ ರೋಡ್ ಪಕ್ಕದಲ್ಲಿ ಓಡಾಡಿದವರಿಗೆ ಆ ಗುಡ್ಡೆಗಳು ಹೊಸದಲ್ಲ. ಹಾಗಾಗಿ ಅಲ್ಲೇ ತೀರ್ಮಾನ ಮಾಡಿದೆ. ಒಳಗೆ ಹೋಗುವ ಪ್ರತಿಯೊಂದನ್ನೂ ಬಿಚ್ಚಿ ಬೇರೆ ಕಡೆ ಒಯ್ಯುವ ಹಾಗಿರಬೇಕು, ಇಲ್ಲವೇ ನೀರು ಹಾಕಿದರೆ ಕರಗಿ ಮಣ್ಣಾಗಬೇಕು. ಅಂಟು ಬೇಡ, ಬೋಲ್ಟು ಮತ್ತು ಸ್ಕ್ರೂ ಸಾಕು.

ಧ್ಯಾನದ ವಿಷಯಕ್ಕೆ ಬಂದರೆ, ಅವರ ಊರೊಳಗಿನ ಹಳೆ ಆಫೀಸಿನಲ್ಲಿ ಒಂದು ಶನಿವಾರ ಅರ್ಧ ದಿನ ಸುಮ್ನೆ ಕೂತು ನೋಡಿದೆ. ಅಪ್ಪ, ಅಮ್ಮ, ಮಗಳು, ಜೊತೆಗೆ ಒಬ್ಬ ತಾತ ಬಂದರು. ಟಿವಿಯಲ್ಲಿ ಡ್ರೋನ್ ವಿಡಿಯೋ ಸಂಗೀತದ ಜೊತೆ ಸುತ್ತಿ ಸುತ್ತಿ ಬರುತ್ತಿತ್ತು. ಇಬ್ಬರು ಹುಡುಗರು ಎರಡು ಕಡೆಯಿಂದ ಮಾತಾಡುತ್ತಿದ್ದರು. ತಾತನ ಕೈಗೆ ಪತ್ರಗಳ ಜೆರಾಕ್ಸ್ ಕೊಟ್ಟರು. ಸೋಫಾ ತಗ್ಗು, ಮುಂದಿನ ಗಾಜಿನ ಟೀಪಾಯಿ ಇನ್ನೂ ತಗ್ಗು, ಬೆಳಕು ಬರುತ್ತಿದ್ದುದು ಬೆನ್ನ ಹಿಂದಿನಿಂದ. ತಾತ ಎರಡು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಎದ್ದು ಹೊರಗೆ ಹೋಗಿ, ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದ ಯಾರದೋ ಸ್ಕೂಟರಿನ ಸೀಟಿನ ಮೇಲೆ ಕಾಗದ ಹರಡಿಕೊಂಡು ಒಂದೊಂದೇ ಹಾಳೆ ಓದತೊಡಗಿದರು.

ನನಗೆ ಬೇಕಾಗಿದ್ದ ಜಾಗ ಅದೇ. ಜೀವಮಾನದ ದುಡ್ಡು ಹಾಕುವ ಮುಂಚೆ ಒಬ್ಬ ಮನುಷ್ಯ ನೆಮ್ಮದಿಯಾಗಿ ಕೂತು ಓದುವ ಜಾಗ. ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಾಗ ಯಾರೂ ಬಂದು ಮಾತಾಡಿಸಲ್ಲ ನೋಡಿ, ಹಾಗೆ. ಬುದ್ಧ ಬೇಕಿದ್ದರೆ ಆಮೇಲೆ ನೋಡೋಣ.

ಬಿಸಿಲಿನ ಲೆಕ್ಕ

ಶೆಡ್ಡಿನ ಪಶ್ಚಿಮಕ್ಕೆ ಚಾಮುಂಡಿ ಬೆಟ್ಟ ಚೆನ್ನಾಗಿ ಕಾಣುತ್ತದೆ. ಮಾಲೀಕರಿಗೆ ಆ ಗೋಡೆ ಪೂರ್ತಿ ಗಾಜು ಆಗಬೇಕು. ನೋಟ ಚೆಂದ, ಒಪ್ಪುತ್ತೇನೆ. ಆದರೆ ಸಂಜೆ ಬಿಸಿಲು ಹೊಡೆಯುವುದೂ ಆ ಕಡೆಯಿಂದಲೇ, ಮುಂಗಾರಿನ ಎರಚಲು ಬರುವುದೂ ಆ ಕಡೆಯಿಂದಲೇ. ನೆತ್ತಿ ಮೇಲಿನ ಬಿಸಿಲನ್ನು ಸೂರು ತಡೆಯುತ್ತದೆ, ಸಂಜೆ ನಾಲ್ಕೂವರೆಯ ಬಿಸಿಲನ್ನು ಯಾವ ಸೂರೂ ತಡೆಯಲ್ಲ. ಅದು ನೇರ ಮುಖಕ್ಕೇ ಬರುತ್ತದೆ.

ಉತ್ತರದ ಕಿಟಕಿಗೆ ಬಿಸಿಲೇ ಬೀಳಲ್ಲ ಅಂತ ತುಂಬ ಜನ ನಂಬಿದ್ದಾರೆ. ನಮ್ಮೂರಿಗೆ ಅದು ಹೊಂದುವ ಮಾತಲ್ಲ. ಮೈಸೂರು ಇರುವುದು ಹೆಚ್ಚುಕಡಿಮೆ 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಜೂನ್ ಕೊನೆಯಲ್ಲಿ ಅತಿ ಹೆಚ್ಚು ಅಂದರೆ 11 ಡಿಗ್ರಿ. ಅಷ್ಟಕ್ಕೆ ಎರಡಡಿ ಸೂರು ಇದ್ದರೆ ನಡುಮಧ್ಯಾಹ್ನ ಅದರ ಕೆಳಗಿನ ಹತ್ತಡಿ ಗೋಡೆಗೂ ನೆರಳು. ಅದೇ ದಕ್ಷಿಣಕ್ಕೆ ಡಿಸೆಂಬರಿನಲ್ಲಿ ಸೂರ್ಯ ಸುಮಾರು 36 ಡಿಗ್ರಿ ವಾಲುತ್ತಾನೆ. ಆಗ ಎರಡಡಿ ಸೂರು ಮೂರಡಿಗೂ ನೆರಳು ಕೊಡಲ್ಲ. ಚಳಿಗಾಲದಲ್ಲಿ ಆ ಬಿಸಿಲು ಒಳಗೆ ಬಂದರೆ ಒಳ್ಳೆಯದೇ. ಹಾಗಾಗಿ ಓದುವ ಮೇಜು ಉತ್ತರದ ಕಿಟಕಿಗೆ, ಬಾಗಿಲು ಪೂರ್ವಕ್ಕೆ.

ಪಶ್ಚಿಮಕ್ಕೆ ಪೂರ್ತಿ ಗಾಜಿನ ಬದಲು ಒಂದು ಉದ್ದನೆಯ, ಗಿಡ್ಡ ಕಿಟಕಿ ಮಾಡಿದೆವು. ನೆಲದಿಂದ 20 ಇಂಚಿಗೆ ಶುರು, ಎತ್ತರ ಎರಡೂವರೆ ಅಡಿ, ಉದ್ದ ಒಂಬತ್ತಡಿ. ನಿಂತವರಿಗೆ ಅದರಲ್ಲಿ ಹೊರಗಿನ ಮಣ್ಣಷ್ಟೇ ಕಾಣುತ್ತದೆ. ಎದುರಿನ ಜಗಲಿಯಲ್ಲಿ ಕೂತರೆ ಮಾತ್ರ ಬೆಟ್ಟ ಕಾಣುತ್ತದೆ. "ಮೇಡಂ, ಇದೇನು ಬಗ್ಗಿ ನೋಡೋ ಕಿಟಕಿ?" ಅಂದರು ಮಾಲೀಕರು. ಕೂತು ನೋಡೋ ಕಿಟಕಿ ಸಾರ್ ಅಂದೆ. ಅವರನ್ನು ಒಂದು ಬ್ಲಾಕಿನ ಮೇಲೆ ಕೂರಿಸಿದೆ. ಅರ್ಧ ನಿಮಿಷ ಏನೂ ಹೇಳಲಿಲ್ಲ. ಆಮೇಲೆ, ಆಯ್ತು ಬಿಡಿ ಅಂದರು.

ಹೊರಗಡೆಗೆ ಬಿದಿರಿನ ಸುರುಳಿ ಪರದೆ. ಒಳಗೆ ಪರದೆ ಹಾಕಿದರೆ ಬಿಸಿ ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ, ಪ್ರಯೋಜನ ಕಮ್ಮಿ.

ನೆಲ

ಹಳೆ ಮನೆಗಳಲ್ಲಿದ್ದ ಹಾಗೆ ರೆಡ್ ಆಕ್ಸೈಡ್ ನೆಲ ಮಾಡಬೇಕು ಅಂತ ನನಗೆ ಆಸೆಯಿತ್ತು. ಬೆಳಗಿನ ಬಿಸಿಲಿಗೆ ಆ ಕೆಂಪು ಹೊಳೆಯುವುದನ್ನು ನೋಡಿದವರಿಗೆ ಗೊತ್ತು. ಆದರೆ ಅದೂ ಸಿಮೆಂಟೇ. ಎರಡು ವರ್ಷಕ್ಕೆ ಒಡೆದರೆ ಒಂದು ಚೂರೂ ವಾಪಸ್ ಬರಲ್ಲ. ಆಸೆ ಬಿಟ್ಟೆ.

ಬದಲಿಗೆ ಎರಡಡಿ ಚೌಕದ ಹಳೆ ಕಡಪ ಕಲ್ಲು. ಯಾವುದೋ ಗೋದಾಮು ಒಡೆದಾಗ ಬಂದ ಮಾಲು, ಹಳೆ ಸಾಮಾನಿನ ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು. 600 ಚದರಡಿಗೆ ಲೆಕ್ಕಕ್ಕೆ 150 ಕಲ್ಲು, ನಾವು ತಂದಿದ್ದು 165. ಒಂದಿಂಚು ದಪ್ಪದ ಒಂದು ಕಲ್ಲು ಹತ್ತಿರ ಹತ್ತಿರ 25 ಕೆಜಿ ತೂಗುತ್ತದೆ. ಇಳಿಸುವಾಗಲೇ ಆರು ಒಡೆದವು. ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕೆಳಗೆ ಸಿಮೆಂಟ್ ಇಲ್ಲ. ಮಣ್ಣನ್ನು ದಿಮ್ಮಸ್ಸಿನಿಂದ ಚೆನ್ನಾಗಿ ಹೊಡೆದು, ಅದರ ಮೇಲೆ ಎರಡಿಂಚು ಮರಳು ಹರಡಿ, ಮಟ್ಟಗೋಲು ಎಳೆದು ಕಲ್ಲು ಕೂರಿಸಿದೆವು. ಸಂದಿಗೆ ಸುಣ್ಣ ಮತ್ತು ಸಣ್ಣ ಮರಳಿನ ತೆಳು ಗಾರೆ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ, ಉಳಿ ಹಾಕಿ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಸಿಮೆಂಟ್ ಗಾರೆಯಲ್ಲಿ ಕೂತ ಕಲ್ಲನ್ನು ಎಬ್ಬಿಸಲು ಹೋದರೆ ಗಾರೆ ಉಳಿದು ಕಲ್ಲೇ ಒಡೆಯುತ್ತದೆ.

ತಪ್ಪಾಗಿದ್ದು ಅಂಚಿನಲ್ಲಿ. ಬಾಗಿಲ ಹತ್ತಿರ ಅಂಚು ಕಟ್ಟದೇ ಬಿಟ್ಟಿದ್ದೆವು. ನಾಲ್ಕು ದಿನ ಜನ ಓಡಾಡಿದ ಮೇಲೆ ಮರಳು ಹೊರಗೆ ಸರಿದು ಎರಡು ಕಲ್ಲು ತೊಟ್ಟಿಲ ಥರ ಆಡತೊಡಗಿದವು. ಹೊಸ್ತಿಲ ಉದ್ದಕ್ಕೂ ಸೈಜುಗಲ್ಲು ಹೂತು, ಆ ಸಾಲನ್ನು ಎಬ್ಬಿಸಿ ಮತ್ತೆ ಕೂರಿಸಿದೆವು. ಎಬ್ಬಿಸಿ ಕೂರಿಸಲು ಒಂದು ಬೆಳಿಗ್ಗೆ ಸಾಕಾಯಿತು, ಅದೊಂದು ಸಮಾಧಾನ.

ಗೋಡೆ

ಇದೇ ದೊಡ್ಡ ಕಥೆ.

ಚರಂಡಿ ತೋಡಿದ ಮಣ್ಣು ಅಲ್ಲೇ ಬಿದ್ದಿತ್ತು ಅಂದೆನಲ್ಲ, ಒಳ್ಳೆ ಕೆಮ್ಮಣ್ಣು. ಮೇಲಿನ ಒಂದಡಿ ಬೇರು, ಕಸ ಇರುವ ಮಣ್ಣು ಬಿಟ್ಟು ಕೆಳಗಿನದನ್ನು ಜರಡಿ ಹಿಡಿದೆವು. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಪದರ ಪದರವಾಗಿ ಕೂತಿರುತ್ತದೆ. ತಳದಲ್ಲಿ ಮರಳು, ಮೇಲೆ ಅಂಟು ಮಣ್ಣು. ನಮ್ಮದರಲ್ಲಿ ಅಂಟು ಜಾಸ್ತಿಯೇ ಇತ್ತು.

ಗೋಡೆಯ ಮೂಲೆಯಲ್ಲಿ ಒಂದೊಂದಡಿ ಚೌಕದ ಮೂರು ತುಂಡು ಮೆತ್ತಿ ನೋಡಿದೆವು. ಒಂದು ಪಾಲು ಮಣ್ಣಿಗೆ ಒಂದು ಪಾಲು ಮರಳು ಹಾಕಿದ್ದು ಮೂರನೇ ದಿನಕ್ಕೆ ಬತ್ತಿದ ಕೆರೆ ಅಂಗಳದ ಥರ ಬಿರುಕು ಬಿಟ್ಟಿತು. ಮೂರು ಪಾಲು ಹಾಕಿದ್ದು ಬಿರುಕು ಬಿಡಲಿಲ್ಲ, ಆದರೆ ಕೈ ಉಜ್ಜಿದರೆ ಪುಡಿ ಉದುರಿತು. ಎರಡು ಪಾಲಿನದು ನಿಂತಿತು. ಇದು ನಮ್ಮ ಮಣ್ಣಿನ ಲೆಕ್ಕ, ನಿಮ್ಮ ಮಣ್ಣಿಗೆ ನೀವೇ ಮೆತ್ತಿ ನೋಡಬೇಕು.

ಮೇಸ್ತ್ರಿ ಮಂಡ್ಯದ ಕಡೆಯವರು, ಅರವತ್ತು ದಾಟಿದ್ದಾರೆ. ಚಿಕ್ಕಂದಿನಲ್ಲಿ ಮಣ್ಣಿನ ಗೋಡೆ ಮೆತ್ತಿದ ಕೈ. ಆದರೆ ಸಿಮೆಂಟ್ ಬ್ಲಾಕಿನ ಮೇಲೆ ಮಣ್ಣು ಅಂದಾಗ ತಲೆ ಅಲ್ಲಾಡಿಸಿದರು. "ಹಿಡಿಯಕ್ಕಿಲ್ಲ ಅಕ್ಕಾ. ಬ್ಲಾಕು ನುಣ್ಣಗದೆ." ಅವರು ಹೇಳಿದ್ದು ಸರಿ. ಮೊದಲ ದಿನ ಮೆತ್ತಿದ್ದು ಊಟ ಮಾಡಿ ಬರುವಷ್ಟರಲ್ಲಿ ಪೂರ್ತಿ ಜಾರಿ ಕೆಳಗೆ ಕೂತಿತ್ತು. ಆಮೇಲೆ ಅವರೇ ದಾರಿ ತೋರಿಸಿದರು. ಬ್ಲಾಕನ್ನು ಅಲ್ಲಲ್ಲಿ ಕೊಚ್ಚಿ, ನೀರು ಹೊಡೆದು, ಸುಣ್ಣ ಮತ್ತು ದಪ್ಪ ಮರಳಿನ ತೆಳು ಗಾರೆಯನ್ನು ಕರಣೆಯಿಂದ ರಪ್ ಅಂತ ಎರಚುವುದು. ಸವರುವ ಹಾಗಿಲ್ಲ, ಎರಚಬೇಕು. ಒಣಗಿದ ಮೇಲೆ ಗೋಡೆ ಹಲಸಿನ ಸಿಪ್ಪೆಯ ಥರ ಮುಳ್ಳು ಮುಳ್ಳಾಗಿತ್ತು. ಅದಕ್ಕೆ ಮಣ್ಣು ಹಿಡಿಯಿತು.

ಮಣ್ಣಿಗೆ ಭತ್ತದ ಹುಲ್ಲನ್ನು ಒಂದೆರಡು ಇಂಚಿಗೆ ಕತ್ತರಿಸಿ ಹಾಕಿ, ಸ್ವಲ್ಪ ಸಗಣಿ ಬೆರೆಸಿ, ಗುಂಡಿಯಲ್ಲಿ ನೀರು ಬಿಟ್ಟು ತುಳಿದು ನೆನೆಯಲು ಬಿಡಬೇಕು. ಹುಲ್ಲು ಗೋಡೆಗೆ ದಾರದ ಥರ, ಮಣ್ಣು ಒಣಗಿ ಕುಗ್ಗುವಾಗ ಎಳೆದು ಹಿಡಿಯುತ್ತದೆ. ಒಂದು ವಾರ ನೆನೆಯಲಿ ಅಂತ ಮೇಸ್ತ್ರಿ ಹೇಳಿದ್ದರು. ಆಷಾಢಕ್ಕೆ ಮುಂಚೆ ಪೂಜೆ ಆಗಬೇಕು ಅಂತ ಮಾಲೀಕರು ದಿನಾ ಫೋನ್ ಮಾಡುತ್ತಿದ್ದರು. ನಾನು ಎರಡೇ ದಿನಕ್ಕೆ ಮೆತ್ತಿಸಿದೆ. ಈ ತಪ್ಪು ಪೂರ್ತಿ ನನ್ನದು.

ಅದು ಮೇ ತಿಂಗಳು. ಸಂಜೆಯಾದರೆ ಮಳೆ, ಬೆಳಿಗ್ಗೆ ಮೋಡ. ಗೋಡೆ ಒಣಗಲೇ ಇಲ್ಲ. ಐದನೇ ದಿನ ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿದರು. "ಅಕ್ಕಾ, ಸ್ವಲ್ಪ ಬಂದು ನೋಡಿ. ನಾನು ಏನೂ ಹೇಳಕ್ಕಿಲ್ಲ." ಹೋಗಿ ನೋಡಿದರೆ ದಕ್ಷಿಣದ ಗೋಡೆ ತುಂಬ ಸೂಜಿಯಂಥ ಹಸಿರು ಮೊಳಕೆ. ಅಲ್ಲೊಂದು ಇಲ್ಲೊಂದು ಅಲ್ಲ, ಅಂಗೈ ಇಟ್ಟಷ್ಟು ಜಾಗಕ್ಕೆ ಏಳೆಂಟು. ಹತ್ತಿರದಿಂದ ನೋಡಿದರೆ ಒಂದೊಂದರ ತುದಿಯಲ್ಲೂ ಒಂದು ನೀರಿನ ಹನಿ. ಗೋಡೆಯಿಂದ ಅಡ್ಡಕ್ಕೆ ಹೊರಟು, ಮೇಲಕ್ಕೆ ಬಾಗಿ, ಉತ್ತರದ ಕಿಟಕಿಯ ಕಡೆಗೆ ತಿರುಗಿ ನಿಂತಿದ್ದವು.

ಹುಲ್ಲು ಮಿಷನ್ ಕಟಾವಿನದು. ಅದರಲ್ಲಿ ಕಾಳು ಉಳಿದುಕೊಂಡಿರುತ್ತದೆ. ಒಂದು ವಾರ ಗುಂಡಿಯಲ್ಲಿ ನೆನೆದಿದ್ದರೆ ಅಲ್ಲೇ ಮೊಳೆತೋ ಕೊಳೆತೋ ಮುಗಿದಿರುತ್ತಿತ್ತು. "ಮೊದಲೇ ಹೇಳಬಾರದಿತ್ತಾ ಅಣ್ಣ?" ಅಂದೆ. "ವಾರ ನೆನೀಲಿ ಅಂದಿದ್ನಲ್ಲವ್ವಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾಲೀಕರು ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರೂ ಗದ್ದೆ ನೋಡಿ ಬೆಳೆದವರು. ಗೋಡೆ ಮುಂದೆ ಕೈಕಟ್ಟಿ ನಿಂತು, "ಇದು ಯಾವ ತಳಿ ಮೇಸ್ತ್ರಿ?" ಅಂತ ಕೇಳಿ ನಗತೊಡಗಿದರು. ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸಿದರು. ಪ್ಲಾಸ್ಟಿಕ್ ಹುಲ್ಲಿನ ಗೋಡೆ ಕೇಳಿದ್ದವರಿಗೆ ನಿಜವಾದ ಹುಲ್ಲಿನ ಗೋಡೆಯೇ ಸಿಕ್ಕಿತ್ತು.

ಮಾಡಬೇಕಾದ್ದು ಏನೂ ಇರಲಿಲ್ಲ. ಕಿತ್ತರೆ ಬೇರಿನ ಜೊತೆ ಮಣ್ಣೂ ಬರುತ್ತದೆ, ಗೋಡೆ ತೂತು ಬೀಳುತ್ತದೆ. ಫ್ಯಾನ್ ಹಾಕಿ ಎರಡೂ ಬಾಗಿಲು ತೆಗೆದಿಟ್ಟೆವು. ಮಣ್ಣು ಒಣಗಿದ ಹಾಗೆ ಮೊಳಕೆ ತಾನೇ ಬಾಡಿತು. ಒಣಗಿದ ಮೇಲೆ ಕತ್ತರಿಯಿಂದ ಗೋಡೆಯ ಮಟ್ಟಕ್ಕೆ ಕತ್ತರಿಸಿದೆವು. ಎರಡು ವಾರ ಹೋಯಿತು, ಆಷಾಢ ಬಂದೇ ಬಿಟ್ಟಿತು. ಇನ್ನು ಶ್ರಾವಣದವರೆಗೆ ಯಾರೂ ಸೈಟ್ ಕೊಳ್ಳಲು ಬರಲ್ಲ, ಪೂಜೆಯೂ ಇಲ್ಲ. ಶುಕ್ರವಾರಗಳಲ್ಲಿ ಊರೆಲ್ಲ ಬೆಟ್ಟದ ಮೇಲೆ. ನಿಜ ಹೇಳಬೇಕೆಂದರೆ ಆ ಒಂದು ತಿಂಗಳು ಸಿಕ್ಕಿದ್ದರಿಂದಲೇ ಗೋಡೆ ಸರಿಯಾಗಿ ಒಣಗಿತು.

ಮೇಲಿನ ಕೈಗೆ ತೆಳು ಮಣ್ಣು, ಈ ಸಲ ಹುಲ್ಲಿಲ್ಲದೆ. ಅದರ ಮೇಲೆ ಸುಣ್ಣ. ಸುಣ್ಣದ ಕಲ್ಲನ್ನು ನೀರಿಗೆ ಹಾಕಿದಾಗ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ನೀರನ್ನು ಸುಣ್ಣದ ಮೇಲೆ ಸುರಿಯಬೇಡಿ, ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡಿ. ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ನೆನೆಸಿಟ್ಟ ನೀರನ್ನು ಅದಕ್ಕೆ ಬೆರೆಸಿದೆವು. ಹಳೆ ಗಾರೆಯವರ ಪದ್ಧತಿ ಇದು. ಬೆಲ್ಲ ಮೇಸ್ತ್ರಿಯ ಊರಿನ ಆಲೆಮನೆಯದು, ಕಪ್ಪಗಾಗಿ ಅಚ್ಚಿಗೆ ಬಾರದ್ದು, ಅಗ್ಗಕ್ಕೆ ಸಿಕ್ಕಿತು. ಡ್ರಮ್ಮಿಗೆ ಇರುವೆ ಸಾಲು ಹತ್ತಿತ್ತು. ಗೋಡೆಗೆ ಬಳಿದ ಮೇಲೆ ಒಂದೂ ಬರಲಿಲ್ಲ, ಸುಣ್ಣದ ಖಾರಕ್ಕೆ ಬರಲ್ಲ.

ಬಣ್ಣ ಅಂತ ಬೇರೆ ಹಾಕಲಿಲ್ಲ. ಕೆಳಗಿನ ಮೂರಡಿಗೆ ಜರಡಿ ಹಿಡಿದ ಕೆಮ್ಮಣ್ಣನ್ನೇ ಸುಣ್ಣಕ್ಕೆ ಬೆರೆಸಿ ಬಳಿದೆವು, ಮೇಲೆ ಬರೀ ಬಿಳಿ. ದೇವಸ್ಥಾನದ ಗೋಡೆಯ ಥರ ಪಟ್ಟೆ ಮಾಡೋಣವಾ ಅಂತ ಮೇಸ್ತ್ರಿಯ ಮಗ ಕೇಳಿದ. ಬೇಡಪ್ಪಾ ಅಂದೆ.

ಚಾವಣಿ

ಏಪ್ರಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಶೀಟಿನ ಒಳಮೈಗೆ ಥರ್ಮಾಮೀಟರ್ ಗನ್ ಹಿಡಿದಾಗ 54 ಡಿಗ್ರಿ ತೋರಿಸಿತ್ತು. ಕೆಳಗೆ ಕೂತರೆ ತಲೆ ಮೇಲೆ ಹೆಂಚು ಕಾಯಿಸಿಟ್ಟ ಹಾಗೆ. ಎಸಿ ಹಾಕಿದರೂ ಶೀಟು ಬಿಸಿ ಸುರಿಸುತ್ತಲೇ ಇರುತ್ತದೆ.

ಊರಿನ ಬಂಬೂ ಬಜಾರಿನಲ್ಲಿ ಹೇಳಿ ಹೆಣೆಸಿದ ಬಿದಿರಿನ ತಟ್ಟಿ ತಂದು, ಶೀಟಿನಿಂದ ಒಂದೂವರೆ ಅಡಿ ಕೆಳಗೆ ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿ ಕಟ್ಟಿದೆವು. ನಡುವಿನ ಸಂದು ಎರಡೂ ತುದಿಗೆ ತೆರೆದೇ ಇದೆ, ಅಳಿಲು ಬರದ ಹಾಗೆ ಜಾಲರಿ ಮಾತ್ರ. ಬಿಸಿಯಾದ ಗಾಳಿ ಅಲ್ಲಿಂದಲೇ ಆಚೆ ಹೋಗುತ್ತದೆ. ಮಳೆಗೆ ಮುಂಚೆ ಅಷ್ಟೇ ಬಿಸಿಲಿದ್ದ ಇನ್ನೊಂದು ಮಧ್ಯಾಹ್ನ ಅಳೆದಾಗ ತಟ್ಟಿಯ ಕೆಳಮೈ 37 ಇತ್ತು. ಎಸಿ ಬೇಡ ಅಂತ ಮಾಲೀಕರನ್ನು ಒಪ್ಪಿಸಿದ್ದು ಆ ಎರಡು ನಂಬರೇ. ಬಿಎಲ್‌ಡಿಸಿ ಫ್ಯಾನ್ ನಾಲ್ಕು ಹಾಕಿದ್ದೇವೆ. ಹಳೆ ಫ್ಯಾನ್ ಒಂದು 75 ವ್ಯಾಟ್ ತಗೊಂಡರೆ ಇದು ಸುಮಾರು 30.

ಬಿದಿರಿಗೆ ಹುಳ ಬೀಳುತ್ತದೆ. ತಟ್ಟಿಗಳನ್ನು ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ನೀರಲ್ಲಿ ಮುಳುಗಿಸಿ ನೆರಳಲ್ಲಿ ಒಣಗಿಸಿ ಆಮೇಲೆ ಕಟ್ಟಿದೆವು. ಇದನ್ನು ತಪ್ಪಿಸಿದರೆ ಕೆಲವೇ ತಿಂಗಳಿಗೆ ಮೇಜಿನ ಮೇಲೆ ಹಳದಿ ಪುಡಿ ಉದುರುತ್ತದೆ. ವೈರೆಲ್ಲ ಕಬ್ಬಿಣದ ಪೈಪಿನೊಳಗೆ.

ಮೇಜು, ಜಗಲಿ, ಟಿವಿ

ಅಗ್ರಹಾರದ ಕಡೆ ಒಂದು ಹಳೆ ಮನೆ ಕೆಡವಿದಾಗ ಬಂದ ಹೊನ್ನೆ ತೊಲೆ ಸಿಕ್ಕಿತು. ಸೀಳಿಸಿದರೆ ಒಳಗೆ ಇನ್ನೂ ಜೇನಿನ ಬಣ್ಣ. ಹಳೆ ಮರಕ್ಕೆ ಮೆಟಲ್ ಡಿಟೆಕ್ಟರ್ ಬೇಕು ಅಂತ ಬಡಗಿ ಹೇಳಿದಾಗ ನಾನು ನಕ್ಕಿದ್ದೆ. ಒಳಗೆ ಮುರಿದುಕೊಂಡಿದ್ದ ಒಂದು ಮೊಳೆ ಪ್ಲೇನಿಂಗ್ ಮಿಷನ್ನಿನ ಬ್ಲೇಡನ್ನು ತಿಂದ ಮೇಲೆ ನಗು ನಿಂತಿತು.

ಅದರಿಂದ ಮಾಡಿಸಿದ ಮೇಜು ಎಂಟಡಿ ಉದ್ದ, ಮೂರಡಿ ಅಗಲ, 29 ಇಂಚು ಎತ್ತರ. ಆರು ಬೋಲ್ಟ್ ಬಿಚ್ಚಿದರೆ ಕಾಲು ಬೇರೆ, ಹಲಗೆ ಬೇರೆ. ಪಾಲಿಶ್ ಇಲ್ಲ, ಎರಡು ಕೈ ಅಗಸೆ ಎಣ್ಣೆ ಅಷ್ಟೇ. ಉತ್ತರದ ಕಿಟಕಿಯ ಬೆಳಕು ಎಡಗಡೆಯಿಂದ ಹಾಳೆಯ ಮೇಲೆ ಬೀಳುವ ಹಾಗೆ ಇಟ್ಟಿದ್ದೇವೆ. ಕುರ್ಚಿಗೆ ಕೈ ಇದೆ, ವಯಸ್ಸಾದವರು ಊರಿಕೊಂಡು ಏಳಬೇಕಲ್ವಾ. ಮೇಜಿನ ಮೇಲೆ ಒಂದು ಭೂತಗನ್ನಡಿ, ಒಂದು ಮಣ್ಣಿನ ಹೂಜಿ.

ಪಕ್ಕದ ಬೀರುವಿನಲ್ಲಿ ಬದನವಾಳು ಖಾದಿಯ ಚೀಲಗಳು ನೇತಾಡುತ್ತವೆ. ಒಂದೊಂದರಲ್ಲೂ ಒಂದು ಪೂರ್ತಿ ಸೆಟ್: ಪಹಣಿ, ಭೂಪರಿವರ್ತನೆ ಆದೇಶ, ಪ್ರಾಧಿಕಾರ ಒಪ್ಪಿದ ನಕ್ಷೆ, ಇ.ಸಿ. (ಜಾಗದ ಮೇಲಿನ ಋಣ, ಕ್ರಯ ವಹಿವಾಟುಗಳ ಪಟ್ಟಿ), ಹಿಂದಿನ ಕ್ರಯಪತ್ರಗಳು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ. ಕೇಳಿದರೆ ತಂದುಕೊಡುವುದಲ್ಲ, ಬಂದವರೇ ತೆಗೆದುಕೊಂಡು ಓದುವುದು.

ಮೇಜಿನ ಮೇಲಿನ ಗೋಡೆಗೆ ಏನು ಬರೆಸೋಣ ಅಂತ ಚರ್ಚೆ ಬಂತು. ಮಾಲೀಕರು ಸುಖ, ಶಾಂತಿ, ನೆಮ್ಮದಿ ಅಂತ ಏನಾದರೂ ಬರೆಸಿ ಅಂದರು. ನಾನು ಬೇರೆ ಸಾಲು ಕೊಟ್ಟೆ. 2016ರ ರೇರಾ ಕಾಯ್ದೆ ಪ್ರಕಾರ, ಕ್ರಯದ ಕರಾರು ಬರೆದು ನೋಂದಣಿ ಮಾಡಿಸುವ ಮುಂಚೆ ಬೆಲೆಯ ಶೇಕಡಾ 10ಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವ ಹಾಗಿಲ್ಲ. ಅದನ್ನೇ ಬರೆಸೋಣ ಅಂದೆ. "ಮೇಡಂ, ನಮ್ಮ ಅಂಗಡೀಲಿ ನಮಗೇ ಬೀಗ ಹಾಕಿಸ್ತೀರಲ್ಲ?" ಅಂದರು. ಮೂರು ದಿನ ಬಿಟ್ಟು ಅವರ ಮಗಳು ಫೋನ್ ಮಾಡಿ, "ಅಪ್ಪ ಒಪ್ಪಿದಾರೆ, ಅಕ್ಷರ ಮಾತ್ರ ತುಂಬ ದೊಡ್ಡದು ಬೇಡ್ವಂತೆ" ಅಂದಳು. ಕೆಮ್ಮಣ್ಣಿನಲ್ಲಿ ಎರಡಿಂಚಿನ ಅಕ್ಷರ.

ಲೇಔಟ್ ಮಾಡೆಲ್ ವಿಷಯದಲ್ಲೂ ಇದೇ ಜಗಳ. ಥರ್ಮಾಕೋಲಿನ ಮರ, ನೀಲಿ ಈಜುಕೊಳ ಬೇಡ ಅಂತ ಮರದ ತಟ್ಟೆಯಲ್ಲಿ ಅಲ್ಲಿನದೇ ಮಣ್ಣು ಹಾಕಿ ಏರು ತಗ್ಗು ಇದ್ದ ಹಾಗೇ ಮಾಡಿಸಿದೆ. ಪೂರ್ವದ ಅಂಚಿನಲ್ಲಿ ಹೈಟೆನ್ಷನ್ ತಂತಿ ಹೋಗಿದೆ. ತಾಮ್ರದ ತಂತಿ ಎಳೆದು ಅದನ್ನೂ ತೋರಿಸಿದೆ. "ಅದನ್ಯಾಕ್ರೀ ತೋರಿಸ್ತೀರಿ?" ಅಂದರು. ಹೊರಗೆ ಬಂದು ತಲೆ ಎತ್ತಿದರೆ ಕಾಣುತ್ತಲ್ಲ ಸಾರ್ ಅಂದೆ.

ಜಗಲಿ ಪಶ್ಚಿಮದ ಕಿಟಕಿಯ ಎದುರಿಗಿದೆ. ನೆಲದಿಂದ 16 ಇಂಚು, ಮೇಲೆ ಅದೇ ಹೊನ್ನೆ ಹಲಗೆ, ಕೆಳಗೆ ಗಾರೆಯಿಲ್ಲದೆ ಪೇರಿಸಿದ ಉಳಿದ ಬ್ಲಾಕು. ಮಕ್ಕಳು ಅದರ ಮೇಲೆಯೇ ಮಲಗುತ್ತಾರೆ.

ಟಿವಿ ಬೇಡವೇ ಬೇಡ ಅಂತ ನಾನು, ಬೇಕೇ ಬೇಕು ಅಂತ ಅವರು. ಕೊನೆಗೆ ಹಳೆ ಕಿಟಕಿ ಬಾಗಿಲು ಹಾಕಿದ ಬೀರುವಿನೊಳಗೆ ಟಿವಿ ಹೋಯಿತು. ಯಾರಾದರೂ ಕೇಳಿದರೆ ತೆಗೆದು ತೋರಿಸುವುದು. ಆ ಬಾಗಿಲಿನ ತಿರುಗಣಿ ಕಿರ್ ಅನ್ನುತ್ತದೆ, ಎಣ್ಣೆ ಬಿಡಬೇಡಿ ಅಂತ ನಾನೇ ಹೇಳಿದ್ದೇನೆ. ತೆಗೆಯಲು ಸ್ವಲ್ಪ ಸಂಕೋಚ ಆಗಲಿ.

ಬುದ್ಧ ಬಂದಿದ್ದಾನೆ. ಪೂಜೆಯ ದಿನ ಮಾಲೀಕರ ಸ್ನೇಹಿತರೊಬ್ಬರು ಫೈಬರಿನದು ಉಡುಗೊರೆ ಕೊಟ್ಟರು. ಹೊರಗೆ ಕೈತೊಳೆಯುವ ಜಾಗದ ಹತ್ತಿರ ಕೂತಿದ್ದಾನೆ.

ಸರಿಹೋಗದ್ದು

ಪೂಜೆ ಶ್ರಾವಣದಲ್ಲಿ ಆಯಿತು. ಬಾಗಿಲ ಹತ್ತಿರದ ಗೋಡೆಗೆ ಬಂದವರೆಲ್ಲ ಬೆನ್ನು ಒರಗಿಸುತ್ತಾರೆ, ಅಂಗಿಗೆ ಸುಣ್ಣ ಹತ್ತುತ್ತದೆ. ಅಲ್ಲಿ ಒಂದು ಹಲಗೆ ಪಟ್ಟಿ ಹಾಕಿಸಬೇಕು. ಪಶ್ಚಿಮದ ಕಿಟಕಿಯ ಕೆಳಗೆ ಎರಚಲು ಹೊಡೆದು ಹೊರಗಿನಿಂದ ನೀರು ಇಳಿದು ಮಣ್ಣು ಒಂದು ಕಡೆ ಉಬ್ಬಿದೆ. ಕಿಟಕಿ ಕಲ್ಲಿನ ಅಡಿ ನೀರು ತೊಟ್ಟಿಕ್ಕುವ ಗೆರೆ ಕೊರೆಸಲು ಮರೆತಿದ್ದೆ. ಚಿಕ್ಕ ಕೆಲಸ, ಆದರೆ ಮರೆತರೆ ಮಣ್ಣಿನ ಗೋಡೆಗೆ ದೊಡ್ಡ ಏಟು.

ದೊಡ್ಡ ತೊಂದರೆ ಸದ್ದಿನದು. ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಒಳಗೆ ಮಾತು ಕೇಳಿಸಲ್ಲ. ಬಿದಿರಿನ ತಟ್ಟಿ ತಡೆಯುತ್ತದೆ ಅಂದುಕೊಂಡಿದ್ದೆ, ಅದು ತೂತು ತೂತಾಗಿರುವ ಹಗುರ ವಸ್ತು, ಸದ್ದನ್ನು ಎಷ್ಟು ತಡೆದೀತು? ತೆಂಗಿನ ನಾರಿನ ಹಾಸು ತಟ್ಟಿಯ ಮೇಲೆ ಹಾಸಬೇಕು, ಅಳತೆ ಕೊಟ್ಟು ಬಂದಿದ್ದೇನೆ.

ಹೋದ ಭಾನುವಾರ ಅಳತೆಗೆ ಹೋದಾಗಲೂ ಅಂಥದ್ದೇ ಮಳೆ. ಒಬ್ಬರು ಅಜ್ಜಿ ಮತ್ತು ಮೊಮ್ಮಗ ಮೇಜಿಗೆ ಕೂತಿದ್ದರು. ಸೇಲ್ಸ್ ಹುಡುಗ ಎದುರು ನಿಂತು ಎರಡು ಸಲ ಏನೋ ಕೂಗಿ ಹೇಳಲು ನೋಡಿ, ಕೈ ಚೆಲ್ಲಿ ಜಗಲಿಯಲ್ಲಿ ಹೋಗಿ ಕೂತ. ಮೊಮ್ಮಗ ಭೂತಗನ್ನಡಿ ಹಿಡಿದಿದ್ದ, ಅಜ್ಜಿ ಇ.ಸಿ.ಯ ಒಂದೊಂದೇ ಸಾಲಿನ ಕೆಳಗೆ ಬೆರಳು ಎಳೆಯುತ್ತಿದ್ದರು. ಮುಕ್ಕಾಲು ಗಂಟೆ ಮಳೆ ನಿಲ್ಲಲಿಲ್ಲ. ನಿಂತ ಮೇಲೆ ಅಜ್ಜಿ ತಲೆ ಎತ್ತಿ, "ಇಲ್ಲಿ ಒಂದು ಹೆಸರು ಬಿಟ್ಟೋಗದಲ್ಲಪ್ಪಾ" ಅಂದರು. ಹುಡುಗ ಜಗಲಿಯಿಂದ ಎದ್ದು ಓಡಿ ಬಂದ.

ಆ ಸಂಜೆಯೇ ಮಾಲೀಕರು ಫೋನ್ ಮಾಡಿದರು. ನಾರಿನ ಹಾಸು ಬೇಗ ಬರಲಿ ಮೇಡಂ, ಅಂದರು.